ಪರದೆಯ ಆಕಾಶದಲ್ಲಿ ಅರುಂಧತಿ

ಸಪ್ತಪದಿ ಮುಗಿದ ಮೇಲೆ ಪುರೋಹಿತರು ವಧೂವರರನ್ನು ಚಪ್ಪರದ ಹೊರಗೆ ಕರೆತಂದು ಆಕಾಶದ ಕಡೆ ಕೈ ತೋರಿಸುವುದು ನಮ್ಮ ಮದುವೆಗಳಲ್ಲಿ ನಡೆದುಬಂದ ಶಾಸ್ತ್ರ. ‘ಅರುಂಧತಿ ಕಂಡಳೇನಮ್ಮಾ?’ ಎಂದು ಅವರು ಕೇಳುತ್ತಾರೆ. ಮುಹೂರ್ತ ಹಗಲಿನದಾದ್ದರಿಂದ ಮೇಲೆ ಬಿಸಿಲಲ್ಲದೆ ಬೇರೇನೂ ಇರುವುದಿಲ್ಲ. ಆದರೂ ಮದುಮಗಳು ‘ಕಂಡಳು’ ಎಂದು ತಲೆಯಾಡಿಸುತ್ತಾಳೆ. ಸುತ್ತ ನಿಂತವರು ನಗುತ್ತಾರೆ. ಕತ್ತಲಾದ ಮೇಲೆ ಅಂಗಳಕ್ಕೆ ಬಂದು ನಿಜವಾಗಿ ನೋಡಬೇಕೆಂಬ ಮಾತು ಊಟೋಪಚಾರದ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ.

ನೋಡಲೇಬೇಕೆಂದು ಹೊರಟರೂ ಈಗ ಅದು ಸುಲಭವಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯನ್ನೇ ತೆಗೆದುಕೊಳ್ಳೋಣ. ಊರಿನ ಪಶ್ಚಿಮಕ್ಕೆ ಕಾಡುಗೋಡಿ, ವೈಟ್‌ಫೀಲ್ಡ್. ಉತ್ತರಕ್ಕೆ ಹೊಸಕೋಟೆ ಪಟ್ಟಣ. ವೈಶಾಖ ಮಾಸದಲ್ಲಿ ರಾತ್ರಿ ಹತ್ತರ ಸುಮಾರಿಗೆ ಸಪ್ತರ್ಷಿ ಮಂಡಲ ಉತ್ತರ ದಿಕ್ಕಿನಲ್ಲಿ ಎತ್ತರಕ್ಕೆ ಬಂದಿರುತ್ತದೆ. ಅದರ ಬಾಲದ ತುದಿಯಿಂದ ಎರಡನೆಯ ನಕ್ಷತ್ರ ವಸಿಷ್ಠ. ಅದಕ್ಕೆ ಒತ್ತಿಕೊಂಡಂತೆ, ಹುಣ್ಣಿಮೆ ಚಂದ್ರನ ಅಗಲದ ಅರ್ಧಕ್ಕಿಂತಲೂ ಕಡಿಮೆ ಅಂತರದಲ್ಲಿ, ಅರುಂಧತಿ ಇರಬೇಕು. ಆದರೆ ಆ ದಿಕ್ಕಿನಲ್ಲಿ ದಿಗಂತದಿಂದ ಮೇಲೆದ್ದು ನಿಂತಿರುವುದು ಪಟ್ಟಣದ ದೀಪಗಳ ಮಂಕು ಬೆಳಕು.

ಅದೇ ಅಂಗಳದಲ್ಲಿ ನಿಂತು ಮೊಬೈಲ್ ಫೋನನ್ನು ಉತ್ತರಕ್ಕೆ ಹಿಡಿದರೆ ಕಥೆಯೇ ಬೇರೆ. ತಾರಾಲಯ ತಂತ್ರಾಂಶವೆಂದು ಕರೆಯುವ ಪ್ರೋಗ್ರಾಂಗಳು ಆ ಕ್ಷಣದ, ಆ ಊರಿನ ಆಕಾಶವನ್ನು ಪರದೆಯ ಮೇಲೆ ಬಿಡಿಸಿಡುತ್ತವೆ. ವಸಿಷ್ಠನೂ ಇದ್ದಾನೆ, ಅರುಂಧತಿಯೂ ಇದ್ದಾಳೆ. ಮುಟ್ಟಿದರೆ ಹೆಸರು, ದೂರ, ಬಣ್ಣ ಎಲ್ಲವೂ ಬರುತ್ತವೆ. ಹಾಗಾದರೆ ನಿಜವಾದ ಆಕಾಶ ಯಾವುದು? ಅಂಗಳದ ಮೇಲಿನದೋ, ಅಂಗೈಯಲ್ಲಿರುವುದೋ? ಯಂತ್ರವೊಂದು ಚುಕ್ಕಿಯನ್ನು ‘ನಿಜವೆಂಬಂತೆ’ ತೋರಿಸುವುದನ್ನು ಕಲಿತದ್ದು ಹೇಗೆ? ಈ ಕಲಿಕೆಗೆ ನೂರೈವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅದರ ಎರಡು ಕೊಂಡಿಗಳು ಸಮೇತನಹಳ್ಳಿಗೆ ತೀರಾ ಹತ್ತಿರದವು.

ಸ್ಥೂಲದಿಂದ ಸೂಕ್ಷ್ಮಕ್ಕೆ

ನಮ್ಮ ಶಾಸ್ತ್ರಗ್ರಂಥಗಳಲ್ಲಿ ‘ಸ್ಥೂಲಾರುಂಧತೀ ನ್ಯಾಯ’ ಎಂಬುದೊಂದಿದೆ. ಅರುಂಧತಿ ಸೂಕ್ಷ್ಮ ನಕ್ಷತ್ರ, ಒಮ್ಮೆಲೇ ತೋರಿಸಿದರೆ ಕಣ್ಣಿಗೆ ಸಿಗುವುದಿಲ್ಲ. ಆದ್ದರಿಂದ ಮೊದಲು ಹತ್ತಿರದ ದೊಡ್ಡ ನಕ್ಷತ್ರವನ್ನು ‘ಇದೇ ಅರುಂಧತಿ’ ಎಂದು ತೋರಿಸುತ್ತಾರೆ. ನೋಟ ಅಲ್ಲಿ ನೆಲೆನಿಂತ ಮೇಲೆ ‘ಅದಲ್ಲ, ಅದರ ಪಕ್ಕದ್ದು’ ಎನ್ನುತ್ತಾರೆ. ಗುರುಗಳು ಶಿಷ್ಯರಿಗೆ ತತ್ತ್ವ ಬೋಧಿಸುವ ರೀತಿಗೆ ಇದು ಹೋಲಿಕೆ. ಯಂತ್ರಗಳು ನಕ್ಷತ್ರ ಬಿಡಿಸಲು ಕಲಿತ ರೀತಿಗೂ ಈ ಹೋಲಿಕೆ ಚೆನ್ನಾಗಿ ಒಪ್ಪುತ್ತದೆ. ಮೊದಲು ಸ್ಥಾನ, ಆಮೇಲೆ ಬೆಳಕು, ಆಮೇಲೆ ಬಣ್ಣ, ಕೊನೆಗೆ ನೋಡುವವರ ಕಣ್ಣು ಮತ್ತು ನಡುವಿನ ಗಾಳಿ. ಒಂದೊಂದು ಹಂತದಲ್ಲೂ ಹಿಂದಿನದನ್ನು ತಿದ್ದಬೇಕಾಯಿತು.

ಸ್ಥಾನದ ಲೆಕ್ಕ ಪ್ರಾಚೀನರಿಗೇ ಗೊತ್ತಿತ್ತು. ಬೆಳಕಿಗೆ ಅಳತೆ ಇರಲಿಲ್ಲ. ಗ್ರೀಕರು ಕಣ್ಣಿಗೆ ಕಾಣುವ ನಕ್ಷತ್ರಗಳನ್ನು ಆರು ದರ್ಜೆಗಳಾಗಿ ವಿಂಗಡಿಸಿದ್ದರು. ಎಲ್ಲಕ್ಕಿಂತ ಪ್ರಕಾಶವಾದವು ಮೊದಲನೆಯ ದರ್ಜೆ, ಕಂಡೂ ಕಾಣದಂತಿರುವವು ಆರನೆಯದು. ಕ್ರಿ.ಶ. ಎರಡನೆಯ ಶತಮಾನದ ಟಾಲೆಮಿಯ ಗ್ರಂಥದಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿಗೆ ಇಂಥ ದರ್ಜೆ ಕೊಡಲಾಗಿದೆ. ಆದರೆ ಒಂದನೆಯದಕ್ಕೂ ಆರನೆಯದಕ್ಕೂ ಬೆಳಕಿನಲ್ಲಿ ಎಷ್ಟು ಪಟ್ಟು ವ್ಯತ್ಯಾಸವೆಂದು ಕೇಳಿದರೆ ಹೇಳಲು ಯಾರಲ್ಲಿಯೂ ನಿಶ್ಚಿತ ಅಂಕಿ ಇರಲಿಲ್ಲ.

ಆ ಅಂಕಿಯನ್ನು ಕೊಟ್ಟವರು ನಾರ್ಮನ್ ಪಾಗ್ಸನ್. 1856ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡಿನ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದಾಗ, ಅವರು ಒಂದು ಸರಳ ನಿಯಮ ಸೂಚಿಸಿದರು. ಐದು ದರ್ಜೆಗಳ ಅಂತರವೆಂದರೆ ಬೆಳಕಿನಲ್ಲಿ ಸರಿಯಾಗಿ ನೂರು ಪಟ್ಟು ವ್ಯತ್ಯಾಸವೆಂದು ಇಟ್ಟುಕೊಳ್ಳೋಣ ಎಂಬುದೇ ಆ ನಿಯಮ. ಹಾಗಾದರೆ ಒಂದು ದರ್ಜೆಗೆ 2.512 ಪಟ್ಟು. ಈ ದರ್ಜೆಗೆ ಈಗ ಕನ್ನಡದಲ್ಲಿ ಕಾಂತಿಮಾನ ಎನ್ನುತ್ತಾರೆ. ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ. ಅರುಂಧತಿಯದು 4, ವಸಿಷ್ಠನದು 2ರ ಆಸುಪಾಸು. ಅಂದರೆ ಗಂಡನ ಬೆಳಕು ಹೆಂಡತಿಯ ಬೆಳಕಿನ ಐದಾರು ಪಟ್ಟು. ಇಂದು ಜಗತ್ತಿನ ಯಾವುದೇ ತಾರಾಲಯ ತಂತ್ರಾಂಶ ಒಂದು ಚುಕ್ಕಿಗೆ ಎಷ್ಟು ಬೆಳಕು ಕೊಡಬೇಕೆಂದು ಲೆಕ್ಕ ಹಾಕುವಾಗ ಪಾಗ್ಸನ್ನರ ಈ ಸೂತ್ರದಿಂದಲೇ ಆರಂಭಿಸುತ್ತದೆ.

ಮದರಾಸಿನ ಆಕಾಶ, ಹೊಸಕೋಟೆಯ ಆಕಾಶ

ಪಾಗ್ಸನ್ 1861ರಲ್ಲಿ ಮದರಾಸಿನ ಸರ್ಕಾರಿ ವೀಕ್ಷಣಾಲಯಕ್ಕೆ ಖಗೋಳಜ್ಞರಾಗಿ ಬಂದರು. 1891ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ಮದರಾಸೂ ಸಮೇತನಹಳ್ಳಿಯೂ ಭೂಮಧ್ಯರೇಖೆಯಿಂದ ಉತ್ತರಕ್ಕೆ ಹೆಚ್ಚುಕಡಮೆ ಒಂದೇ ದೂರದಲ್ಲಿ, 13 ಡಿಗ್ರಿಯ ಅಕ್ಷಾಂಶದಲ್ಲಿವೆ. ಆದ್ದರಿಂದ ಎರಡೂ ಕಡೆಯ ಆಕಾಶ ಒಂದೇ. ಮದರಾಸಿನಲ್ಲಿ ಹುಟ್ಟಿದ ನಕ್ಷತ್ರ ಸುಮಾರು ಹತ್ತು ನಿಮಿಷದ ನಂತರ ಸಮೇತನಹಳ್ಳಿಯಲ್ಲಿ ಹುಟ್ಟುತ್ತದೆ, ಅಷ್ಟೇ ವ್ಯತ್ಯಾಸ. ಆಕ್ಸ್‌ಫರ್ಡಿನಲ್ಲಿ ಎಂದೂ ಉದಯಿಸದ ಅಗಸ್ತ್ಯ ನಕ್ಷತ್ರ ಇಲ್ಲಿ ದಕ್ಷಿಣದಲ್ಲಿ 24 ಡಿಗ್ರಿ ಎತ್ತರಕ್ಕೆ ಏರುತ್ತದೆ. ಧ್ರುವ ಮಾತ್ರ ಉತ್ತರ ದಿಗಂತದ ಬಳಿ 13 ಡಿಗ್ರಿಯಲ್ಲೇ ಉಳಿಯುತ್ತಾನೆ. ಪರದೆಯ ಆಕಾಶ ನಿಜವೆನಿಸಬೇಕಾದರೆ ಮೊದಲು ಊರು ಸರಿಯಾಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಮದರಾಸಿನಲ್ಲಿ ಪಾಗ್ಸನ್ನರ ಜೊತೆ ದುಡಿದವರಲ್ಲಿ ಚಿಂತಾಮಣಿ ರಘುನಾಥಾಚಾರಿ ಒಬ್ಬರು. ಬೆಳಕು ಏರಿಳಿಯುವ ‘ಆರ್ ರೆಟಿಕ್ಯುಲಿ’ ಎಂಬ ನಕ್ಷತ್ರವನ್ನು ಅವರು 1867ರಲ್ಲಿ ಪತ್ತೆ ಮಾಡಿದರು. ಸುಮಾರು ಒಂಬತ್ತು ತಿಂಗಳ ಆವರ್ತದಲ್ಲಿ ಅದು ಒಮ್ಮೆ ಬೆಳಗಿ ಮತ್ತೆ ಮಂಕಾಗುತ್ತದೆ. ಅದು ದಕ್ಷಿಣದ ತಾರೆ, ಇಂಗ್ಲೆಂಡಿನಿಂದ ಕಾಣುವುದೇ ಇಲ್ಲ. ಮದರಾಸಿನಿಂದ ದಿಗಂತದ ಹತ್ತಿರ ಕೆಲವು ತಿಂಗಳು ಸಿಗುತ್ತದೆ. 1874ರ ಶುಕ್ರ ಸಂಕ್ರಮಣವನ್ನು ಜನಸಾಮಾನ್ಯರಿಗೆ ವಿವರಿಸಲು ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಹೊರಬಂದಿತ್ತೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಅವರ ಶೋಧದಲ್ಲಿ ಇಂದಿನ ತಂತ್ರಾಂಶಗಳಿಗೂ ಒಂದು ಪಾಠವಿದೆ. ನಕ್ಷತ್ರದ ಬೆಳಕು ಪಟ್ಟಿಯಲ್ಲಿ ಬರೆದಿಟ್ಟ ಅಂಕಿಯಂತೆ ಸ್ಥಿರವಲ್ಲ. 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಆರ್ದ್ರಾ ನಕ್ಷತ್ರ ಬರಿಗಣ್ಣಿಗೇ ತಿಳಿಯುವಷ್ಟು ಮಂಕಾಗಿ, ಅದರ ಕಾಂತಿಮಾನ 1.6ಕ್ಕೆ ಇಳಿಯಿತು. ಪಟ್ಟಿಯ ಅಂಕಿಯನ್ನೇ ನಂಬಿದ ಪ್ರೋಗ್ರಾಂಗಳಲ್ಲಿ ಮಾತ್ರ ಅದು ಎಂದಿನಂತೆ ಉರಿಯುತ್ತಲೇ ಇತ್ತು. ಅಂಥ ಹೊತ್ತಿನಲ್ಲಿ ಯಂತ್ರವನ್ನು ತಿದ್ದುವುದು ಆಕಾಶ ನೋಡುವ ಕಣ್ಣೇ.

ಮದರಾಸಿನ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕೆನಾಲಿಗೆ ಸಾಗಿತು. ಅದೇ ಪರಂಪರೆಯಿಂದ 1971ರಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಸ್ವತಂತ್ರ ರೂಪ ಪಡೆದು, ಆಮೇಲೆ ಬೆಂಗಳೂರಿನ ಕೋರಮಂಗಲದಲ್ಲಿ ನೆಲೆಸಿತು. ಅದರ ಒಂದು ಕೇಂದ್ರ ಹೊಸಕೋಟೆಯಲ್ಲಿ, ಶಿಡ್ಲಘಟ್ಟದ ರಸ್ತೆಯಲ್ಲಿದೆ. ಹೀಗೆ ಪಾಗ್ಸನ್ನರ ಮನೆತನದ ಒಂದು ಕವಲು ಸಮೇತನಹಳ್ಳಿಯ ತಾಲ್ಲೂಕು ಕೇಂದ್ರಕ್ಕೇ ಬಂದು ಸೇರಿದಂತಾಯಿತು. ಅದರ ವಿಷಯ ಮುಂದೆ ಬರುತ್ತದೆ.

ತಾಮ್ರದ ಹಾಳೆಯ ತೂತುಗಳು

ಸೂತ್ರವೇನೋ ಸಿಕ್ಕಿತು. ಅದನ್ನು ಯಂತ್ರಕ್ಕೆ ಇಳಿಸಿದ್ದು ಜರ್ಮನಿಯ ಕಾರ್ಲ್ ಝೈಸ್ ಕಂಪನಿ. ಎಂಜಿನಿಯರ್ ವಾಲ್ಟರ್ ಬೌವರ್ಸ್‌ಫೆಲ್ಡ್ ಅವರ ನೇತೃತ್ವದಲ್ಲಿ ತಯಾರಾದ ಮೊದಲ ತಾರಾಲಯ ಪ್ರೊಜೆಕ್ಟರಿನ ಪ್ರದರ್ಶನ 1923ರ ಅಕ್ಟೋಬರಿನಲ್ಲಿ ಮ್ಯೂನಿಕ್ಕಿನ ಜರ್ಮನ್ ವಸ್ತುಸಂಗ್ರಹಾಲಯದಲ್ಲಿ ನಡೆಯಿತು. ಗೋಳದೊಳಗೆ ಒಂದು ಪ್ರಖರವಾದ ದೀಪ. ಸುತ್ತ ಮಸೂರಗಳು. ಪ್ರತಿಯೊಂದು ಮಸೂರದ ಹಿಂದೆ ಸೂಕ್ಷ್ಮವಾದ ತೂತುಗಳಿರುವ ತೆಳು ಲೋಹದ ಹಾಳೆ. ಒಂದೊಂದು ತೂತೂ ಗುಮ್ಮಟದ ಮೇಲೆ ಒಂದು ನಕ್ಷತ್ರ. ಹೀಗೆ ಸುಮಾರು 4,500 ನಕ್ಷತ್ರಗಳು.

ಎಲ್ಲ ತೂತುಗಳ ಹಿಂದೆ ಇರುವುದು ಒಂದೇ ದೀಪ. ಹಾಗಿರುವಾಗ ಒಂದು ನಕ್ಷತ್ರ ಇನ್ನೊಂದಕ್ಕಿಂತ ಬೆಳಗಬೇಕಾದರೆ ಅದರ ತೂತು ದೊಡ್ಡದಾಗಬೇಕು. ತೂತು ದೊಡ್ಡದಾದರೆ ಗುಮ್ಮಟದ ಮೇಲಿನ ಬಿಂಬವೂ ದೊಡ್ಡದಾಗುತ್ತದೆ. ಲುಬ್ಧಕದಂಥ ಪ್ರಕಾಶವಾದ ನಕ್ಷತ್ರ ಕಿಡಿಯಂತೆ ಹೊಳೆಯುವ ಬದಲು ಕಾಸಿನ ಬಿಲ್ಲೆಯಂತೆ ಕಾಣತೊಡಗುತ್ತದೆ. ಇದನ್ನು ತಪ್ಪಿಸಲು ಅತಿ ಪ್ರಕಾಶದ ಕೆಲವು ನಕ್ಷತ್ರಗಳಿಗೆ ಬೇರೆಯೇ ಚಿಕ್ಕ ಪ್ರೊಜೆಕ್ಟರುಗಳನ್ನು ಇಡುವ ಪದ್ಧತಿ ಬಂತು. ಹೊಸ ಪ್ರೊಜೆಕ್ಟರುಗಳಲ್ಲಿ ಗಾಜಿನ ನೂಲಿನಂಥ ಆಪ್ಟಿಕಲ್ ಫೈಬರುಗಳು ಒಂದೊಂದು ತೂತಿಗೂ ಬೇಕಾದಷ್ಟು ಬೆಳಕನ್ನು ತಂದು ಮುಟ್ಟಿಸುತ್ತವೆ. ತೂತು ಕಿರಿದಾಗಿಯೇ ಉಳಿಯುತ್ತದೆ, ಬೆಳಕು ಮಾತ್ರ ಹೆಚ್ಚುತ್ತದೆ.

ಇಷ್ಟೆಲ್ಲ ಪಾಡು ಏಕೆಂದರೆ ನಕ್ಷತ್ರಕ್ಕೆ ನಮ್ಮ ಕಣ್ಣಿನ ಮಟ್ಟಿಗೆ ಗಾತ್ರವೇ ಇಲ್ಲ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ ಒಂದು ಕಲೆ, ಕಲೆಯ ಅರವತ್ತನೇ ಒಂದು ಭಾಗ ಒಂದು ವಿಕಲೆ. ಬರಿಗಣ್ಣು ಸುಮಾರಾಗಿ ಒಂದು ಕಲೆಯವರೆಗಿನ ವಿವರವನ್ನು ಬಿಡಿಸಿ ನೋಡಬಲ್ಲದು. ಆಕಾಶದ ದೈತ್ಯ ನಕ್ಷತ್ರಗಳಲ್ಲಿ ಒಂದಾದ ಆರ್ದ್ರಾ ನಮಗೆ ಒಡ್ಡುವ ಅಗಲ ಒಂದು ವಿಕಲೆಯ ಇಪ್ಪತ್ತನೇ ಒಂದು ಭಾಗದಷ್ಟು. ಕಣ್ಣಿನ ಮಿತಿಗಿಂತ ಅದು ಸಾವಿರ ಪಟ್ಟು ಕಿರಿದು. ಲುಬ್ಧಕವೂ ಬಿಂದುವೇ, ಅರುಂಧತಿಯೂ ಬಿಂದುವೇ. ಬೇರೆಬೇರೆ ಇರುವುದು ಬೆಳಕು ಮಾತ್ರ.

1989ರಲ್ಲಿ, ನೆಹರೂ ಜನ್ಮಶತಾಬ್ದಿಯ ವರ್ಷ, ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿ ಜವಾಹರಲಾಲ್ ನೆಹರೂ ತಾರಾಲಯ ತೆರೆಯಿತು. ಅಲ್ಲಿಗೆ ಬಂದದ್ದೂ ಝೈಸ್ ಕಂಪನಿಯ ‘ಸ್ಪೇಸ್‌ಮಾಸ್ಟರ್’ ಪ್ರೊಜೆಕ್ಟರೇ. ‘ಆಕಾಶ ನೋಡೋದಕ್ಕೆ ನೂಕುನುಗ್ಗಲೇ?’ ಎಂಬುದು ಕನ್ನಡದ ಗಾದೆ. ಕನ್ನಡದಲ್ಲಿ ವಿವರಣೆ ಕೇಳುತ್ತ ಆಕಾಶ ನೋಡಲು ಶಾಲಾ ಮಕ್ಕಳು ಸಾಲುಗಟ್ಟಿ ನಿಂತದ್ದನ್ನು ಕಂಡವರು, ಈ ಊರಿನಲ್ಲಿ ಆ ಗಾದೆ ಸುಳ್ಳಾಯಿತೆಂದೇ ಹೇಳಬೇಕು.

ಚುಕ್ಕಿಯಿಂದ ಪಿಕ್ಸೆಲ್‌ಗೆ

ತೂತಿನ ಬದಲು ಕಂಪ್ಯೂಟರು ನಕ್ಷತ್ರವನ್ನು ಬಿಡಿಸತೊಡಗಿದ್ದು 1983ರಲ್ಲಿ. ಅಮೆರಿಕದ ಇವಾನ್ಸ್ ಅಂಡ್ ಸದರ್‌ಲ್ಯಾಂಡ್ ಕಂಪನಿ ತಯಾರಿಸಿದ ‘ಡಿಜಿಸ್ಟಾರ್’ ವ್ಯವಸ್ಥೆ ಆ ವರ್ಷ ವರ್ಜೀನಿಯಾ ರಾಜ್ಯದ ರಿಚ್‌ಮಂಡ್ ನಗರದ ತಾರಾಲಯದಲ್ಲಿ ಕೆಲಸ ಆರಂಭಿಸಿತು. ಟಿ.ವಿ. ಕೊಳವೆಯಂಥ ಕೊಳವೆಯಲ್ಲಿ ಎಲೆಕ್ಟ್ರಾನ್ ಕಿರಣ ಒಂದೊಂದೇ ಬಿಂದುವನ್ನು ಗುರುತಿಸುತ್ತ ಹೋಗುತ್ತಿತ್ತು. ಅದಕ್ಕೆ ಬಣ್ಣವಿರಲಿಲ್ಲ, ಝೈಸ್ ಯಂತ್ರದ ಮೊನಚೂ ಇರಲಿಲ್ಲ. ಆದರೆ ಭೂಮಿಯನ್ನು ಬಿಟ್ಟು ನಕ್ಷತ್ರಗಳ ನಡುವೆ ಹಾರಿಹೋಗುವ ಅನುಭವವನ್ನು ಪ್ರೇಕ್ಷಕರಿಗೆ ಅದು ಕೊಟ್ಟಿತು. ತೂತಿನ ಗೋಳಕ್ಕೆ ಅದು ಸಾಧ್ಯವಿರಲಿಲ್ಲ.

ಮನೆಯ ಕಂಪ್ಯೂಟರುಗಳಿಗೆ ಇಂಥ ಪ್ರೋಗ್ರಾಂಗಳು ಬಂದಾಗ ಹೊಸ ತೊಡಕು ಎದುರಾಯಿತು. ಪರದೆಯೆಂದರೆ ಚೌಕುಳಿಗಳ ಜಾಲ, ಒಂದೊಂದು ಚೌಕವೂ ಒಂದು ಪಿಕ್ಸೆಲ್. ಒಂದು ಕಾಲದ ಸಾಮಾನ್ಯ ಪರದೆಯಲ್ಲಿ ಅಡ್ಡಸಾಲಿಗೆ 640 ಪಿಕ್ಸೆಲ್‌ಗಳಿದ್ದವು. ಅದರಲ್ಲಿ 60 ಡಿಗ್ರಿ ಆಕಾಶವನ್ನು ತುಂಬಿದರೆ, 12 ಕಲೆ ದೂರದಲ್ಲಿರುವ ವಸಿಷ್ಠ ಅರುಂಧತಿಯರ ನಡುವೆ ಸಿಗುವುದು ಎರಡೇ ಪಿಕ್ಸೆಲ್. ವಸಿಷ್ಠ ಹೆಚ್ಚು ಬೆಳಗುತ್ತಾನೆಂದು ತೋರಿಸಲು ಅವನಿಗೆ ನಾಲ್ಕಾರು ಪಿಕ್ಸೆಲ್ ಕೊಟ್ಟರೆ ಅರುಂಧತಿ ಅವನ ಮೈಗೆ ಅಂಟಿ ಮಾಯವಾಗುತ್ತಾಳೆ. ಅಡ್ಡಸಾಲಿಗೆ 1,920 ಪಿಕ್ಸೆಲ್ ಇರುವ ಪರದೆಯಲ್ಲಿ ಅದೇ ಅಂತರ ಆರು ಪಿಕ್ಸೆಲ್ ಆಗುತ್ತದೆ. ಅಂದರೆ ಚುಕ್ಕಿಗೆ ಎಷ್ಟು ಗಾತ್ರ ಕೊಡಬೇಕೆಂಬ ಪ್ರಶ್ನೆಯನ್ನು ಅರುಂಧತಿಯೇ ಪರೀಕ್ಷೆ ಮಾಡುತ್ತಾಳೆ. ವಧುವಿಗೆ ಇಟ್ಟ ಪರೀಕ್ಷೆ ಯಂತ್ರಕ್ಕೂ ಒಪ್ಪುತ್ತದೆ.

ಬೆಳಕಿನ ತೊಡಕು ಇನ್ನೂ ದೊಡ್ಡದು. ಲುಬ್ಧಕದ ಕಾಂತಿಮಾನ ಸೊನ್ನೆಗಿಂತಲೂ ಕೆಳಗೆ, ಮೈನಸ್ 1.46. ಬರಿಗಣ್ಣಿನ ಮಿತಿಯಲ್ಲಿರುವ ನಕ್ಷತ್ರದ್ದು 6. ಪಾಗ್ಸನ್ ಸೂತ್ರದಂತೆ ಇವೆರಡರ ನಡುವೆ ಹತ್ತಿರಹತ್ತಿರ ಸಾವಿರ ಪಟ್ಟು ವ್ಯತ್ಯಾಸ. ಸಾಧಾರಣ ಎಲ್‌ಸಿಡಿ ಪರದೆಯ ಅಚ್ಚ ಬಿಳಿಗೂ ಕಪ್ಪಿಗೂ ಇರುವ ವ್ಯತ್ಯಾಸವೂ ಸುಮಾರು ಅಷ್ಟೇ, ಏಕೆಂದರೆ ಪರದೆಯ ಕಪ್ಪು ಪೂರ್ತಿ ಕಪ್ಪಲ್ಲ, ಹಿಂದಿನ ದೀಪ ಸ್ವಲ್ಪ ಸೋರುತ್ತಲೇ ಇರುತ್ತದೆ. ಲುಬ್ಧಕಕ್ಕೆ ಅಚ್ಚ ಬಿಳಿ ಕೊಟ್ಟು ಉಳಿದವಕ್ಕೆ ಲೆಕ್ಕದಂತೆ ಹಂಚಿದರೆ ಆರನೆಯ ದರ್ಜೆಯ ನಕ್ಷತ್ರಕ್ಕೆ ಸಿಗುವುದು ಆ ಸೋರುವ ಬೆಳಕಿನಷ್ಟೇ. ಅದನ್ನು ಕಾಣುವುದೆಂತು?

ಆದ್ದರಿಂದ ತಂತ್ರಾಂಶ ಬರೆಯುವವರು ಒಪ್ಪಂದಕ್ಕೆ ಬರಬೇಕಾಯಿತು. ಮಂಕಾದ ನಕ್ಷತ್ರಗಳನ್ನು ಕಣ್ಣಿಗೆ ಕಾಣುವಷ್ಟು ಎತ್ತಿ, ಬೆಳಗುವ ನಕ್ಷತ್ರಗಳಿಗೆ ಬೆಳಕಿನ ಬದಲು ಗಾತ್ರವನ್ನೂ ಸುತ್ತ ಒಂದು ಮೃದುವಾದ ಪ್ರಭೆಯನ್ನೂ ಕೊಟ್ಟರು. ಆಕಾಶ ತಿರುಗಿದಂತೆ ನಕ್ಷತ್ರ ಒಂದು ಚೌಕದಿಂದ ಇನ್ನೊಂದಕ್ಕೆ ಮಿಡತೆಯಂತೆ ಹಾರಬಾರದೆಂದು ಅದರ ಬೆಳಕನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಪಾಲು ಮಾಡಿದರು. 2001ರಲ್ಲಿ ಹೊರಬಂದ ‘ಸೆಲೆಸ್ಟಿಯಾ’ ಎಂಬ ಉಚಿತ ಪ್ರೋಗ್ರಾಂ ಈ ವಿಷಯದಲ್ಲಿ ಪ್ರಾಮಾಣಿಕವಾಗಿತ್ತು. ಬರಿಯ ಬಿಂದು, ಮಸುಕಾದ ಬಿಂದು, ಅಳತೆಯ ಬಿಲ್ಲೆ ಎಂಬ ಮೂರು ಬಗೆಯ ನಕ್ಷತ್ರಗಳನ್ನು ಕೊಟ್ಟು, ಯಾವುದು ಬೇಕೆಂಬ ಆಯ್ಕೆಯನ್ನು ನೋಡುವವರಿಗೇ ಬಿಟ್ಟಿತು. ಫ್ರಾನ್ಸಿನ ಫಾಬಿಯಾನ್ ಶೆರೋ 2000ದಲ್ಲಿ ಆರಂಭಿಸಿದ ‘ಸ್ಟೆಲ್ಲೇರಿಯಂ’ ಇಂದು ಲಕ್ಷಾಂತರ ಜನ ಬಳಸುವ ಉಚಿತ ತಾರಾಲಯ. ಅದರಲ್ಲೂ ನಕ್ಷತ್ರದ ಗಾತ್ರವನ್ನು ಹಿಗ್ಗಿಸುವ, ಕುಗ್ಗಿಸುವ, ಮಿನುಗನ್ನು ಹೆಚ್ಚುಕಡಮೆ ಮಾಡುವ ಕೀಲಿಗಳಿವೆ.

ನಕ್ಷತ್ರಗಳ ಪಟ್ಟಿಗೆ ಬಡತನವಿಲ್ಲ. ಯೂರೋಪಿನ ‘ಹಿಪ್ಪಾರ್ಕಸ್’ ಉಪಗ್ರಹ 1,18,218 ನಕ್ಷತ್ರಗಳ ಸ್ಥಾನ, ದೂರ, ಚಲನೆಗಳನ್ನು ಅಳೆದ ಪಟ್ಟಿ 1997ರಲ್ಲಿ ಪ್ರಕಟವಾಯಿತು. ಅದರ ಉತ್ತರಾಧಿಕಾರಿ ‘ಗಾಯಾ’ 2013ರ ಡಿಸೆಂಬರಿನಲ್ಲಿ ಹಾರಿ 180 ಕೋಟಿಗೂ ಮೀರಿದ ನಕ್ಷತ್ರಗಳನ್ನು ಗುರುತಿಸಿತು. ಮಂಕು ತಾರೆಗಳಿಗಾಗಿ ಹದಗೊಳಿಸಿದ್ದ ಗಾಯಾದ ಕಣ್ಣಿಗೆ ಅತಿ ಪ್ರಕಾಶದ ಕೆಲವು ನಕ್ಷತ್ರಗಳು ಕೋರೈಸಿಬಿಡುತ್ತಿದ್ದವು. ಹಾಗಾಗಿ ನಮ್ಮ ಅಜ್ಜಿಯರು ಹೆಸರಿಟ್ಟು ಕರೆಯುತ್ತಿದ್ದ ದೊಡ್ಡ ಚುಕ್ಕಿಗಳಿಗೆ ಈಗಲೂ ಹಳೆಯ ಪಟ್ಟಿಯ ಆಸರೆ ಬೇಕು.

ಕಣ್ಣಿನ ದೋಷವೇ ಸೊಗಸು

ಸ್ಥಾನವಾಯಿತು, ಬೆಳಕಾಯಿತು. ಆದರೂ ಪರದೆಯ ಆಕಾಶ ನಕ್ಷೆಯಂತೆ ಕಾಣುತ್ತಿತ್ತೇ ಹೊರತು ಆಕಾಶದಂತೆ ಕಾಣುತ್ತಿರಲಿಲ್ಲ. ಏಕೆಂದರೆ ನಾವು ‘ನಕ್ಷತ್ರ’ ಎಂದು ಕಾಣುವುದು ನಕ್ಷತ್ರವೊಂದನ್ನೇ ಅಲ್ಲ. ಅದರ ಬೆಳಕಿಗೆ ನಮ್ಮ ಗಾಳಿ ಮಾಡಿದ್ದು, ನಮ್ಮ ಕಣ್ಣು ಮಾಡಿದ್ದು ಎಲ್ಲವೂ ಅದರೊಳಗೆ ಸೇರಿವೆ.

ಬೆಳಗುವ ನಕ್ಷತ್ರಕ್ಕೆ ನಾವು ಎಳೆಎಳೆಯಾಗಿ ಕಿರಣ ಬರೆಯುತ್ತೇವಲ್ಲ, ಅವು ಹುಟ್ಟುವುದು ನಮ್ಮ ಕಣ್ಣೊಳಗೇ. ಕಣ್ಣಿನ ಮಸೂರದಲ್ಲಿರುವ ಸೂಕ್ಷ್ಮ ಹೊಲಿಗೆಯಂಥ ಗೆರೆಗಳೂ ಅದರ ಇತರ ಕುಂದುಗಳೂ ಬಿಂದುವನ್ನು ಚದುರಿಸಿ ಪ್ರಭೆಯನ್ನೂ ಕಿರಣವನ್ನೂ ಕಟ್ಟುತ್ತವೆ. ದೂರದರ್ಶಕದ ಚಿತ್ರಗಳಲ್ಲಿ ಕಾಣುವ ಅಚ್ಚುಕಟ್ಟಾದ ಶಿಲುಬೆಯಾಕಾರದ ಕಿರಣಗಳು ಬೇರೆ. ಅವು ಒಳಗಿನ ಕಿರುಗನ್ನಡಿಯನ್ನು ಹಿಡಿದಿರುವ ಕಂಬಿಗಳಿಂದ ಬಂದವು. ನಕ್ಷತ್ರಕ್ಕೆ ಅಂಥ ಶಿಲುಬೆ ತೊಡಿಸುವ ತಂತ್ರಾಂಶ ನಕಲು ಮಾಡುವುದು ಫೋಟೋವನ್ನು, ಆಕಾಶವನ್ನಲ್ಲ.

ಬಣ್ಣದ ವಿಷಯವೂ ಹೀಗೆಯೇ. ನಕ್ಷತ್ರದ ಬಣ್ಣ ಅದರ ಉಷ್ಣತೆಯನ್ನು ಹೇಳುತ್ತದೆ. ತಂಪು ನಕ್ಷತ್ರಗಳು ಕೆಂಪು, ಬಿಸಿಯವು ನೀಲಿ ಬಿಳುಪು. ನಕ್ಷತ್ರಗಳ ವರ್ಣಪಟಲದಿಂದ ಅವುಗಳ ಉಷ್ಣತೆಯನ್ನು ಓದುವ ದಾರಿಯನ್ನು 1920ರಲ್ಲಿ ತೋರಿಸಿದವರು ನಮ್ಮವರೇ ಆದ ಮೇಘನಾದ ಸಹಾ. ಹೀಗೆ ತಿಳಿದ ಉಷ್ಣತೆಯಿಂದ ಕಂಪ್ಯೂಟರು ಬಣ್ಣವನ್ನು ಲೆಕ್ಕ ಹಾಕಬಲ್ಲದು. ಆದರೆ ನಮ್ಮ ಕಣ್ಣಿನ ಬಣ್ಣದ ಕೋಶಗಳು ಮಂಕು ಬೆಳಕಿನಲ್ಲಿ ಕೆಲಸ ಮಾಡುವುದಿಲ್ಲ. ಆರ್ದ್ರಾ, ರೋಹಿಣಿ, ಜ್ಯೇಷ್ಠಾ ನಕ್ಷತ್ರಗಳ ಕೆಂಪು ಕಾಣುತ್ತದೆ. ನಾಲ್ಕು, ಐದನೆಯ ದರ್ಜೆಯವು ಎಲ್ಲವೂ ಬೂದುಬಿಳಿ. ಎಲ್ಲ ಚುಕ್ಕಿಗೂ ಬಣ್ಣ ಬಳಿದರೆ ಲೆಕ್ಕ ಸರಿಯಾದರೂ ಆಕಾಶ ಜಾತ್ರೆಯ ವಿದ್ಯುದ್ದೀಪದ ಸರದಂತಾಗುತ್ತದೆ.

ಇನ್ನು ಮಿನುಗು. ಗಾಳಿಯ ಬಿಸಿ ತಂಪಿನ ಪದರಗಳು ಬಿಂದುವಿನ ಬೆಳಕನ್ನು ಅತ್ತಿತ್ತ ಅಲುಗಿಸುವುದರಿಂದ ನಕ್ಷತ್ರ ಮಿನುಗುತ್ತದೆ. ಗ್ರಹಗಳು ಬಿಂದುವಲ್ಲದ್ದರಿಂದ ನಿಶ್ಚಲವಾಗಿ ಬೆಳಗುತ್ತವೆ. ದಿಗಂತದ ಬಳಿ ಬೆಳಕು ಹೆಚ್ಚು ಗಾಳಿಯನ್ನು ದಾಟಬೇಕಾದ್ದರಿಂದ ಅಲ್ಲಿ ಮಿನುಗೂ ಹೆಚ್ಚು, ಮಂಕೂ ಹೆಚ್ಚು. ನೆತ್ತಿಯ ಮೇಲೂ ದಿಗಂತದಲ್ಲೂ ಒಂದೇ ಸಮನೆ ಮಿನುಗುವ ಪರದೆಯ ಆಕಾಶ ನೋಡಲು ಚೆಂದ, ಆದರೆ ಅದು ಗಾಳಿಯಿಲ್ಲದ ಊರಿನ ಆಕಾಶ.

ಕತ್ತಲಿಗೆ ಬಂದ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು, ಮೂವತ್ತು ನಿಮಿಷ ಬೇಕು. ಚಂದ್ರ ಎದುರಿಗಿದ್ದರೆ ಕಿರಿಯ ಚುಕ್ಕಿಗಳು ಅಡಗುತ್ತವೆ. ಇದನ್ನೆಲ್ಲ ಲೆಕ್ಕಕ್ಕೆ ತರುವ ಪ್ರಯತ್ನಗಳೂ ನಡೆದವು. 2001ರಲ್ಲಿ ಹೆನ್ರಿಕ್ ವಾನ್ ಯೆನ್ಸೆನ್ ಮತ್ತು ಅವರ ಸಹೋದ್ಯೋಗಿಗಳು ಚಂದ್ರ, ನಕ್ಷತ್ರಗಳು, ವಾತಾವರಣದ ಸಹಜ ಮಂದಪ್ರಭೆ ಎಲ್ಲವನ್ನೂ ಭೌತಶಾಸ್ತ್ರದ ಲೆಕ್ಕದಿಂದಲೇ ಕಟ್ಟಿದ ರಾತ್ರಿಯ ಆಕಾಶದ ಮಾದರಿಯೊಂದನ್ನು ಪ್ರಕಟಿಸಿದರು. ಅದರಲ್ಲೂ ಕೊನೆಯ ಹೆಜ್ಜೆ ಮನುಷ್ಯನ ಕಣ್ಣಿನದೇ. ಬೆಳದಿಂಗಳು ಅಳತೆಗೆ ಸೂರ್ಯನ ಬೆಳಕಿಗಿಂತ ತುಸು ಕೆಂಪು. ಕಣ್ಣಿಗೆ ಮಾತ್ರ ಅದು ನೀಲಿ. ಚಿತ್ರ ನಿಜವೆನಿಸಬೇಕಾದರೆ ಅಳತೆಯನ್ನು ಬಿಟ್ಟು ಕಣ್ಣನ್ನು ಅನುಸರಿಸಬೇಕು.

ಬೆಂಗಳೂರಿನ ತಾರಾಲಯ 2010ರ ದಶಕದ ಉತ್ತರಾರ್ಧದಲ್ಲಿ ಹೊಸರೂಪ ತಾಳಿದಾಗ ಆರಿಸಿಕೊಂಡದ್ದು ಎರಡೂ ಕಾಲಗಳನ್ನು ಸೇರಿಸಿದ ಮಿಶ್ರ ವ್ಯವಸ್ಥೆಯನ್ನು. ನಕ್ಷತ್ರಗಳಿಗೆ ಆಪ್ಟಿಕಲ್ ಗೋಳ, ಉಳಿದ ದೃಶ್ಯಗಳಿಗೆ ಡಿಜಿಟಲ್ ಪ್ರೊಜೆಕ್ಟರ್. 2018ರಲ್ಲಿ ಮಂಗಳೂರಿನ ಪಿಲಿಕುಳದಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯ ದೇಶದ ಮೊದಲ ತ್ರೀ-ಡಿ ತಾರಾಲಯವೆನಿಸಿತು. ಕಂಪ್ಯೂಟರು ಇಷ್ಟು ಮುಂದುವರಿದ ಮೇಲೂ ತೂತಿನ ಗೋಳವನ್ನು ಏಕೆ ಉಳಿಸಿಕೊಳ್ಳಬೇಕು? ಇಡೀ ಗುಮ್ಮಟಕ್ಕೆ ಅಡ್ಡಲಾಗಿ 8,000 ಪಿಕ್ಸೆಲ್ ಹಾಕಿದರೂ ಒಂದೊಂದು ಪಿಕ್ಸೆಲ್ ಆಕಾಶದಲ್ಲಿ ಒಂದು ಕಲೆಗಿಂತ ದೊಡ್ಡದೇ. ತೂತಿನಿಂದ ಬಂದ ಚುಕ್ಕಿ ಅದಕ್ಕಿಂತ ಮೊನಚು, ಅದರ ಸುತ್ತಲಿನ ಕಪ್ಪು ಅದಕ್ಕಿಂತ ಕಪ್ಪು. ನಕ್ಷತ್ರದ ನೈಜತೆ ಅರ್ಧ ಅದರ ಬೆಳಕಿನಲ್ಲಿದ್ದರೆ ಇನ್ನರ್ಧ ಸುತ್ತಲಿನ ಕತ್ತಲೆಯಲ್ಲಿದೆ.

ಕೊನೆಯ ಕೀಲಿ

ಈ ಕತ್ತಲೆಯ ಮಾತು ಮತ್ತೆ ಸಮೇತನಹಳ್ಳಿಗೆ ಕರೆತರುತ್ತದೆ. ಸ್ಟೆಲ್ಲೇರಿಯಂನಲ್ಲಿ ಬೆಳಕಿನ ಮಾಲಿನ್ಯವನ್ನು ಹೊಂದಿಸುವ ಕೀಲಿಯೊಂದಿದೆ. ಅಮೆರಿಕದ ಹವ್ಯಾಸಿ ಖಗೋಳವೀಕ್ಷಕ ಜಾನ್ ಬಾರ್ಟಲ್ 2001ರಲ್ಲಿ ಪ್ರಕಟಿಸಿದ ಒಂಬತ್ತು ಮೆಟ್ಟಿಲಿನ ಅಳತೆಗೋಲು ಅದಕ್ಕೆ ಆಧಾರ. ಒಂದನೆಯ ಮೆಟ್ಟಿಲು ಅಚ್ಚ ಕಾರ್ಗತ್ತಲ ಆಕಾಶ. ಅಲ್ಲಿ ಒಂದು ಹೊತ್ತಿಗೆ ಎರಡು ಮೂರು ಸಾವಿರ ನಕ್ಷತ್ರಗಳೂ ದಿಗಂತದಿಂದ ದಿಗಂತಕ್ಕೆ ಹರಿದ ಆಕಾಶಗಂಗೆಯೂ ಕಾಣುತ್ತವೆ. ಒಂಬತ್ತನೆಯದು ನಗರದ ನಡುವಿನ ಆಕಾಶ. ಅಲ್ಲಿ ಬರಿಗಣ್ಣಿನ ಮಿತಿ ನಾಲ್ಕನೆಯ ಕಾಂತಿಮಾನಕ್ಕೆ ಬಂದು ನಿಲ್ಲುತ್ತದೆ, ಕಾಣುವ ನಕ್ಷತ್ರಗಳು ಹೆಚ್ಚೆಂದರೆ ಇನ್ನೂರು ಇನ್ನೂರೈವತ್ತು. ಅರುಂಧತಿಯ ಕಾಂತಿಮಾನ ಎಷ್ಟೆಂದು ಮೇಲೆ ಹೇಳಿತ್ತು: 4. ಅವಳು ಆ ಹೊಸ್ತಿಲ ಮೇಲೆಯೇ ನಿಂತಿದ್ದಾಳೆ.

ಪರದೆಯ ಮೇಲೆ ಈ ಕೀಲಿಯನ್ನು ಒಂದೊಂದೇ ಮೆಟ್ಟಿಲು ತಿರುಗಿಸಿ ನೋಡಿದರೆ ಒಂದು ಊರು ನಗರವಾಗುವ ಚರಿತ್ರೆ ಕಣ್ಣೆದುರು ನಡೆಯುತ್ತದೆ. ಮೊದಲು ಆಕಾಶಗಂಗೆ ಅಳಿಸುತ್ತದೆ. ಆಮೇಲೆ ಕೃತ್ತಿಕೆಯ ಗೊಂಚಲು ಸಡಿಲವಾಗುತ್ತದೆ. ಕೊನೆಗೆ ವಸಿಷ್ಠನ ಪಕ್ಕ ಖಾಲಿಯಾಗುತ್ತದೆ. ನಕ್ಷತ್ರವನ್ನು ನಿಜವಾಗಿ ತೋರಿಸುವ ತಂತ್ರಾಂಶದ ಅತ್ಯಂತ ಪ್ರಾಮಾಣಿಕ ಕೆಲಸ, ಕಾಣದ ನಕ್ಷತ್ರವನ್ನು ಬಿಡಿಸದೇ ಇರುವುದು. ಆದರೆ ಅಂಥ ಆಕಾಶ ಯಾರಿಗೂ ಬೇಡ. ಬಹುಮಂದಿ ಆ ಕೀಲಿಯನ್ನು ಮುಟ್ಟುವುದಿಲ್ಲ, ಇಲ್ಲವೇ ಕತ್ತಲ ಕಡೆಗೇ ತಿರುಗಿಸಿಡುತ್ತಾರೆ. ಮಕ್ಕಳು ಪರದೆಯ ತುಂಬು ಆಕಾಶವನ್ನು ಕಂಡು ಹೊರಗೆ ಬಂದು, ‘ಎಲ್ಲಿ?’ ಎಂದು ಕೇಳುತ್ತಾರೆ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗಳನ್ನು ಲೆಕ್ಕಹಾಕಿ ರಾಗಿ ಬಿತ್ತಿದ ಸೀಮೆಯಲ್ಲಿ ಆ ಹೆಸರುಗಳು ಪಂಚಾಂಗದಲ್ಲಿ ಉಳಿದು ಆಕಾಶದಲ್ಲಿ ಮಂಕಾಗುತ್ತಿವೆ.

ಇದೇ ತಾಲ್ಲೂಕಿನ ಹೊಸಕೋಟೆಯಲ್ಲಿ, ಮೇಲೆ ಹೇಳಿದ ಕೇಂದ್ರದ ಕೊಠಡಿಯೊಂದರಲ್ಲಿ, ಪ್ರತಿ ರಾತ್ರಿಯೂ ಬೇರೊಂದು ಬಗೆಯ ಪರದೆ ಬೆಳಗುತ್ತದೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವಿದೆ. 2000ದಲ್ಲಿ ಅದು ಮೊದಲ ಬೆಳಕು ಕಂಡಿತು. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಹೊಸಕೋಟೆಯಿಂದ. ಇಲ್ಲಿ ಪರದೆಯ ಮೇಲೆ ಮೂಡುವ ಚುಕ್ಕಿಗಳು ಲೆಕ್ಕ ಹಾಕಿ ಬಿಡಿಸಿದವಲ್ಲ, ಆಗತಾನೇ ಕನ್ನಡಿಗೆ ಬಿದ್ದ ಬೆಳಕಿನವು. ಅವುಗಳ ಪ್ರಮಾಣವನ್ನು ಖಗೋಳಜ್ಞರು ಇಂದಿಗೂ ಪಾಗ್ಸನ್ನರ ಅಳತೆಗೋಲಿನಲ್ಲೇ ಬರೆಯುತ್ತಾರೆ. ಹೊಸಕೋಟೆಯಿಂದ ನೋಡುವುದಕ್ಕೆ ಆಕಾಶ ಬೇಕೆಂದರೆ ಹಿಮಾಲಯದಾಚೆಗೆ ಹೋಗಬೇಕಾಗಿದೆ.

ಆ ಹಾನ್ಲೆಯಲ್ಲಿ ಇನ್ನೊಂದು ಕೆಲಸವೂ ನಡೆದಿದೆ. 2022ರ ಡಿಸೆಂಬರಿನಲ್ಲಿ ಅಲ್ಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಎಂದು ಘೋಷಿಸಲಾಯಿತು. ಹಳ್ಳಿಗರು ಕಿಟಕಿಗೆ ಪರದೆ ಇಳಿಬಿಟ್ಟು, ದೀಪಗಳ ಮುಖವನ್ನು ನೆಲಕ್ಕೆ ತಿರುಗಿಸಿ, ಬಂದವರಿಗೆ ತಾವೇ ಆಕಾಶ ತೋರಿಸುತ್ತಾರೆ. ಬೆಂಗಳೂರಿನ ಅಂಚಿನ ಹಳ್ಳಿಯೊಂದು ಹಾನ್ಲೆಯಾಗಲಾರದು ನಿಜ. ಆದರೆ ಬೀದಿದೀಪಕ್ಕೊಂದು ಟೊಪ್ಪಿ ಹಾಕಿ ಬೆಳಕನ್ನು ರಸ್ತೆಗಷ್ಟೇ ಇಳಿಸುವುದು, ಬೇಡದ ಹೊತ್ತಿನಲ್ಲಿ ಜಾಹೀರಾತು ಫಲಕದ ದೀಪ ಆರಿಸುವುದು ಯಾವ ಗ್ರಾಮ ಪಂಚಾಯಿತಿಗೂ ದೊಡ್ಡ ಕೆಲಸವಲ್ಲ. ಪರದೆಯ ಮೇಲೆ ಕೀಲಿಯನ್ನು ಒಂದೆರಡು ಮೆಟ್ಟಿಲು ಹಿಂದಕ್ಕೆ ತಿರುಗಿಸಿದಂತೆಯೇ ಅದೂ. ನಾಲ್ಕನೆಯ ದರ್ಜೆಯ ನಕ್ಷತ್ರವೊಂದು ಹೊಸ್ತಿಲ ಈಚೆಗೆ ಬರಲು ಅಷ್ಟು ಸಾಕಾಗಬಹುದು.

ಆಗ ಮದುವೆಯ ರಾತ್ರಿ ಊಟ ಮುಗಿಸಿ, ಹೊಸ ದಂಪತಿಗಳನ್ನು ಅಂಗಳಕ್ಕೆ ಕರೆತಂದು, ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿ, ಮೊದಲು ದೊಡ್ಡ ನಕ್ಷತ್ರವನ್ನು ತೋರಿಸಿ ಆಮೇಲೆ ಅದರ ಪಕ್ಕದ್ದನ್ನು ತೋರಿಸಬಹುದು. ‘ಕಂಡಳು’ ಎಂದು ಮದುಮಗಳು ಹೇಳಿದರೆ ಯಾರೂ ನಗಬೇಕಾಗಿರುವುದಿಲ್ಲ.